ಅಪಶಕುನಕ್ಕೆ ಬಸ್ಸು ಹತ್ತುವ ಅತ್ತೆ

...ಅಥವಾ ಅದು ನಿಶ್ಚಿತಾರ್ಥವೇ ಅಲ್ಲದಿರಬಹುದು. ನನ್ನ ನೆನಪಿನಲ್ಲಿ ಹರಿವಾಣದ ತುಂಬ ಹೂವು ಹಣ್ಣು ಇದೆ, ಹುಡುಗನ ಕಡೆಯ ಅಜ್ಜ ಚಾವಡಿಯಲ್ಲಿ ಕೂತಿದ್ದಾರೆ, ನನ್ನ ತಂಗಿ ಒಳಗಿನಿಂದ ಇಣುಕುತ್ತಿದ್ದಾಳೆ. ತಂಗಿಯನ್ನು ಕೇಳಿದರೆ, "ನಾನು ಇಣುಕಲೇ ಇಲ್ಲ, ಮತ್ತೆ ಅದು ನಿಶ್ಚಿತಾರ್ಥ ಅಲ್ಲ, ಅವರು ಹುಡುಗಿ ನೋಡ್ಲಿಕ್ಕೆ ಬಂದದ್ದು" ಎನ್ನುತ್ತಾಳೆ. ಅಮ್ಮನ ಪ್ರಕಾರ ಅಲ್ಲಿ ಹಣ್ಣೇ ಇರಲಿಲ್ಲ, ಇದ್ದದ್ದು ಗೋಳಿಬಜೆ. ಮೂವರೂ ಮೂರು ದಿಕ್ಕಿಗೆ ಎಳೆಯುವ ಈ ನೆನಪಿನಲ್ಲಿ ಎಲ್ಲರೂ ಒಪ್ಪುವ ಸಂಗತಿ ಒಂದೇ. ಚಹಾದ ಲೋಟ ಹಿಡಿದು ಎಲ್ಲರೂ ಮುಂದಿನ ಮಾತಿಗೆ ತಡಕಾಡುತ್ತಿದ್ದಾಗ ನನ್ನ ಅತ್ತೆ, ಅಂದರೆ ಅಪ್ಪನ ತಂಗಿ, ಹುಡುಗನ ಅಜ್ಜನ ಕಡೆ ಬಾಗಿ ಕೇಳಿದರು:

"ನಿಮ್ಮಲ್ಲಿ ಗೂಬೆ ಕೂಗ್ತದಾ?"

ಹೆಣ್ಣು ಕೊಡುವ ಮನೆಯವರು ಗಂಡಿನ ಮನೆಯವರನ್ನು ಏನೇನೋ ಕೇಳುವುದುಂಟು. ನೀರು ಉಂಟಾ, ರಸ್ತೆ ಉಂಟಾ, ಹುಡುಗ ಕುಡಿಯುತ್ತಾನಾ. ಇದನ್ನು ಕೇಳಿದವರು ನಮ್ಮ ಜಿಲ್ಲೆಯ ಚರಿತ್ರೆಯಲ್ಲಿ ಇನ್ನೊಬ್ಬರು ಇರಲಿಕ್ಕಿಲ್ಲ. ಅಪ್ಪ ಲೋಟದೊಳಗೆ ಏನೋ ಬಿದ್ದಿದೆಯೆಂಬಂತೆ ಅದನ್ನೇ ನೋಡತೊಡಗಿದರು. ಅಜ್ಜ ಮಾತ್ರ ಸಮಾಧಾನದಿಂದ ಉತ್ತರಿಸಿದರು.

"ಮೊದಲು ಕೂಗ್ತಿತ್ತು. ಅದು ಕೂರ್ತಿದ್ದ ಮರ ಕಡಿಸಿದ ಮೇಲೆ ಇಲ್ಲ. ದೇವರ ದಯೆ, ಈಗ ಎಂತ ತೊಂದರೆಯೂ ಇಲ್ಲ."

"ಛೆ," ಎಂದರು ಅತ್ತೆ. ಬಾವಿ ಬತ್ತಿದ ಮನೆಗೆ ಹೆಣ್ಣು ಕೊಡುತ್ತಿದ್ದೇವಲ್ಲ ಎಂಬ ಧ್ವನಿ.

ಮದುವೆ ನಡೆಯಿತು, ತಂಗಿ ಸುಖವಾಗಿದ್ದಾಳೆ. ಅತ್ತೆ ಇವತ್ತಿಗೂ ಆ ಸಂಬಂಧವನ್ನು ಪೂರ್ತಿಯಾಗಿ ಒಪ್ಪಿಲ್ಲ. "ಹುಡುಗ ಒಳ್ಳೆಯವನೇ. ಆದ್ರೆ ಇಡೀ ಜಾಗದಲ್ಲಿ ಪೊಟರೆ ಇರುವ ಒಂದು ಮರ ಇಲ್ಲ ಮಾರಾಯ."

ಅಪಶಕುನ ಎಂದರೆ ಜನ ದೂರ ಓಡುತ್ತಾರೆ. ಪುತ್ತೂರು, ಸುಳ್ಯ, ಕಡಬ, ಈ ಮೂರು ತಾಲೂಕುಗಳಲ್ಲಿ ಅಪಶಕುನ ಎಲ್ಲಿದೆ ಎಂದು ವಿಳಾಸ ಕೇಳಿಕೊಂಡು ಬಸ್ಸು ಹತ್ತುವ ಹೆಂಗಸು ನನ್ನ ಅತ್ತೆ ಒಬ್ಬರೇ. ಹುಡುಕುತ್ತಿರುವುದೂ ಸಾಮಾನ್ಯ ಗೂಬೆಯನ್ನಲ್ಲ. ಹಳೆ ಕಟ್ಟಡಗಳಲ್ಲಿರುವ ಬಿಳಿ ಮುಖದ್ದು, ಹೊಳೆಬದಿಯ ಮೀನುಗೂಬೆ, ಮಾವಿನ ಮರದಲ್ಲಿ ಕೂತು ಜಗಳವಾಡುವ ಗಿಡ್ಡ ಜೋಡಿ, ಇವೆಲ್ಲ, ಕಂಡ ಹಕ್ಕಿಗಳನ್ನು ಬರೆದಿಡುವ ಅವರ ಪುಸ್ತಕದಲ್ಲಿ ಯಾವಾಗಲೋ ಸೇರಿವೆ. ಉಳಿದಿರುವುದು ಒಂದು. ಇಂಗ್ಲಿಷಿನಲ್ಲಿ ಅದನ್ನು ಬೇ ಔಲ್ ಅನ್ನುತ್ತಾರಂತೆ. ಅತ್ತೆಯ ಬಾಯಲ್ಲಿ ಆ ಹೆಸರು ನಾನು ಕೇಳಿದ್ದು ಒಂದೋ ಎರಡೋ ಸಲ. ಹಿಂದಿನವರು ಗಂಡನ ಹೆಸರು ಹೇಳುತ್ತಿರಲಿಲ್ಲವಲ್ಲ, ಹಾಗೆ "ಅದು" ಎಂದಷ್ಟೇ ಹೇಳುತ್ತಾರೆ. ತಮ್ಮ ಗಂಡನನ್ನು, ಅಂದರೆ ನನ್ನ ಮಾವನನ್ನು, ಮಾತ್ರ ಹೆಸರು ಹಿಡಿದೇ ಕರೆಯುತ್ತಾರೆ.

ಕಾಣಿಯೂರಿನಲ್ಲಿ ಒಂದು ಸಂಜೆ, ಮೂವತ್ತು ವರ್ಷವಾದರೂ ಆಗಿರಬೇಕು, ಅತ್ತೆ ಬಸ್ಸಿಗೆ ಕಾಯುತ್ತಿದ್ದಾಗ ಗುಡ್ಡದ ಕಡೆಯಿಂದ ಒಂದು ಶಿಳ್ಳೆ ಕೇಳಿತು. ಉದ್ದದ್ದು, ಮೇಲೇರುತ್ತ ಹೋಗಿ ನಡುಗಿ ನಿಂತದ್ದು. ಪಕ್ಕದಲ್ಲಿ ನಿಂತಿದ್ದವನೊಬ್ಬನನ್ನು ಕೇಳಿದರು, "ಈಗ ಕೂಗಿದ್ದು ಕೇಳಿತಾ?" ಆತ ಮುಖ ತಿರುಗಿಸಿ, "ನನಗೆ ಎಂತದೂ ಕೇಳ್ಲಿಲ್ಲ" ಎಂದು ಎರಡು ಹೆಜ್ಜೆ ಆಚೆ ಹೋಗಿ ನಿಂತನಂತೆ. ಕೇಳಿದ್ದಕ್ಕೆ ಸಾಕ್ಷಿಯಿಲ್ಲ, ಕಂಡದ್ದಂತೂ ಇಲ್ಲ. ಅವತ್ತೇ ಪುಸ್ತಕದಲ್ಲಿ ಒಂದು ಪುಟ ಬಿಟ್ಟರು. ಆ ಪುಟ ಈಗಲೂ ಖಾಲಿ. ಈಗ ಅತ್ತೆಗೆ ಅರವತ್ತೆಂಟು. ಬಲಗಾಲಿನ ಮಂಡಿಯ ಬಗ್ಗೆ ಡಾಕ್ಟರು ಹೇಳಿದ್ದು ಇಷ್ಟೇ: ಗುಡ್ಡ ಹತ್ತುವ ಆಸೆ ಇದ್ದರೆ ಬೇಗ ಹತ್ತಿ ಮುಗಿಸಿ.

ಅತ್ತೆಯ ಕೆಲಸ ಪುತ್ತೂರಿನಲ್ಲಿ ದಸ್ತಾವೇಜು ಬರೆಯುವುದು. ಕ್ರಯಪತ್ರ, ದಾನಪತ್ರ, ಪಾಲುಪಟ್ಟಿ. ಎಂತೆಂಥ ವಕೀಲರೂ ಅವರು ಬರೆದದ್ದರಲ್ಲಿ ಒಂದು ಅಲ್ಪವಿರಾಮ ತಪ್ಪು ಹುಡುಕಿಲ್ಲ. ಇದನ್ನು ಹೇಳುವಾಗ ನನ್ನ ಎದೆ ಸ್ವಲ್ಪ ಉಬ್ಬುತ್ತದೆ, ಕ್ಷಮಿಸಬೇಕು. ತೊಂದರೆ ಏನೆಂದರೆ, ಜಾಗದ ಚಕ್ಕುಬಂದಿ, ಅಂದರೆ ನಾಲ್ಕು ದಿಕ್ಕಿನ ಗಡಿ, ಬರೆದುಕೊಳ್ಳುವಾಗ ಅತ್ತೆಯ ಪ್ರಶ್ನೆಗಳು ಗಡಿ ದಾಟುತ್ತವೆ.

"ಉತ್ತರಕ್ಕೆ ಎಂತ ಉಂಟು?"

"ಉತ್ತರಕ್ಕೆ ಕಾಡು, ಅಮ್ಮ."

"ಎಂಥ ಕಾಡು? ಬೆತ್ತ ಉಂಟಾ? ಬೈನೆ ಉಂಟಾ? ಹಳೆ ಮರದಲ್ಲಿ ಪೊಟರೆ ಉಂಟಾ? ಸಂಜೆ ಹೊತ್ತಿಗೆ ಯಾರಾದ್ರೂ ಶಿಳ್ಳೆ ಹಾಕಿದ ಹಾಗೆ ಆಗ್ತದಾ?"

ಇಷ್ಟೆಲ್ಲ ಸರಕಾರಕ್ಕೆ ಬೇಕೆಂದು ನಂಬಿ ಊರಿಗೆ ಹೋಗಿ ಪೊಟರೆ ಎಣಿಸಿ ಬಂದವರಿದ್ದಾರೆ. ರಾಮಕುಂಜದ ಕಡೆಯ ಇಬ್ಬರು ಅಣ್ಣತಮ್ಮಂದಿರು ಪಾಲಾಗುವಾಗ ನಡು ಗಡಿಯಲ್ಲಿದ್ದ ಒಂದು ಹಳೆಯ ಧೂಪದ ಮರ ಯಾರಿಗೆಂದು ಜಗಳವಾಯಿತು. ಅಣ್ಣನಿಗೆ ಅದನ್ನು ಕಡಿಯಬೇಕು, ತಮ್ಮನಿಗೂ ಕಡಿಯಬೇಕು, ಯಾರು ಕಡಿಯಬೇಕೆಂಬುದೇ ಜಗಳ. ಅತ್ತೆ ತಾವಾಗಿ ಒಂದು ಸಾಲು ಬರೆದರು: ಸದರಿ ಮರವೂ ಅದರ ಪೊಟರೆಯಲ್ಲಿ ವಾಸವಿರುವ ಹಕ್ಕಿಯೂ ಉಭಯತ್ರರಿಗೆ ಸಮಾನವಾಗಿ ಸೇರಿದ್ದು, ಒಬ್ಬರ ಒಪ್ಪಿಗೆಯಿಲ್ಲದೆ ಇನ್ನೊಬ್ಬರು ಮುಟ್ಟತಕ್ಕದ್ದಲ್ಲ. ಅಣ್ಣತಮ್ಮಂದಿರು ಯಾವ ಕಾಲಕ್ಕೂ ಒಪ್ಪುವವರಲ್ಲ ಎಂಬುದು ಅತ್ತೆಗೆ ಗೊತ್ತಿತ್ತು. ಮರ ಇವತ್ತೂ ಇದೆ.

ಅತ್ತೆಯ ಹಕ್ಕಿ ಪುಸ್ತಕವೂ ದಸ್ತಾವೇಜಿನ ಭಾಷೆಯಲ್ಲೇ ಇರುತ್ತದೆ. "ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ರಸ್ತೆ, ಉತ್ತರಕ್ಕೆ ಗೇರುಗುಡ್ಡೆ, ದಕ್ಷಿಣಕ್ಕೆ ಇನ್ನೊಬ್ಬರ ವರ್ಗ ಜಾಗ, ಈ ಮಧ್ಯೆ ಇರುವ ಹಲಸಿನ ಮರದಲ್ಲಿ ಮೀನುಗೂಬೆ ಒಂದು." ಕೆಳಗೆ ಕಂಡವರ ಸಹಿ, ಸಾಧ್ಯವಾದರೆ ಸಾಕ್ಷಿಯ ಸಹಿ. ಒಮ್ಮೆ ಸಾಕ್ಷಿಯಾಗಿ ಮೀನು ಹಿಡಿಯುತ್ತಿದ್ದವರೊಬ್ಬರ ಹೆಬ್ಬೆಟ್ಟು ಹಾಕಿಸಿದ್ದೂ ಉಂಟು. ಆ ಪುಟಕ್ಕೆ ಈಗಲೂ ಮೀನಿನ ವಾಸನೆ ಇದೆ ಎಂದು ನಾನು ಹೇಳುತ್ತಿರುತ್ತೇನೆ. ಬಹುಶಃ ಇಲ್ಲ. ಹೇಳಿ ಹೇಳಿ ನನ್ನ ಮೂಗಿಗೇ ನಂಬಿಕೆ ಬಂದಿರಬೇಕು.

ಗೂಬೆ ಹುಡುಕುವವರು ರಾತ್ರಿಯೆಲ್ಲ ಟಾರ್ಚು ಹಿಡಿದು ಅಲೆಯುತ್ತಾರೆಂದು ನೀವು ತಿಳಿದಿದ್ದರೆ ಅದು ತಪ್ಪು, ಅತ್ತೆ ಒಂಬತ್ತಕ್ಕೆ ಮಲಗುತ್ತಾರೆ. "ರಾತ್ರಿ ಅದಕ್ಕೆ ನಮ್ಮನ್ನು ಕಾಣ್ತದೆ, ನಮಗೆ ಅದು ಕಾಣುದಿಲ್ಲ. ಹಗಲು ಹೋದ್ರೆ ಪಿಕಳಾರಗಳೇ ಹುಡುಕಿ ಕೊಡ್ತವೆ" ಎಂಬುದು ಅವರ ವಾದ. ಮಾತು ನಿಜ. ಹಗಲಲ್ಲಿ ಎಲ್ಲಾದರೂ ಗೂಬೆ ಕೂತದ್ದು ಕಂಡರೆ ಸಣ್ಣ ಹಕ್ಕಿಗಳೆಲ್ಲ ಸೇರಿ ಸುತ್ತ ನಿಂತು ಬೈಯುತ್ತವೆ. ಆ ಬೈಗುಳ ಕೇಳಿದ ಕಡೆ ಅತ್ತೆ ಓಡುತ್ತಾರೆ. ಅಲ್ಲಿ ಹೆಚ್ಚಾಗಿ ಸಿಗುವುದು ಬೆಕ್ಕು. ಕೆಲವೊಮ್ಮೆ ಕೇರೆ ಹಾವು. ಒಮ್ಮೆ ಸುಳ್ಯದ ಹತ್ತಿರ ಹಾಗೆ ಪೊದೆ ಸರಿಸಿದರೆ ಸಿಕ್ಕಿದ್ದು ಒಬ್ಬ ಫೋಟೋಗ್ರಾಫರ್. ಸೈನಿಕರ ಹಾಗೆ ಎಲೆಬಣ್ಣದ ಅಂಗಿ, ಟೊಪ್ಪಿ, ಮೊಣಕೈ ಉದ್ದದ ಲೆನ್ಸು. ಯಾರಿಗೂ ಕಾಣದ ಹಾಗೆ ಕೂತಿದ್ದೇನೆಂದು ಅವರ ನಂಬಿಕೆ.

"ಶ್! ಹಕ್ಕಿಗಳು ಹೆದರ್ತವೆ ಮೇಡಂ," ಎಂದರು ಅವರು.

"ಅರ್ಧ ಗಂಟೆಯಿಂದ ಇಡೀ ಗುಡ್ಡೆಯ ಹಕ್ಕಿ ಸೇರಿ ನಿಮಗೆ ಬೈತಾ ಉಂಟು ಮಾರಾಯ್ರೆ. ನನಗೆ ರಸ್ತೆಗೆ ಕೇಳಿತು. ನಿಮಗೆ ಕೇಳ್ಲಿಲ್ವಾ?"

ಇದನ್ನು ಅತ್ತೆ ಮನೆಯಲ್ಲಿ ಹೇಳಿದಾಗ ಮಾವ ಪೇಪರಿನಿಂದ ತಲೆ ಎತ್ತದೆ ಹೇಳಿದರು: "ಪುಸ್ತಕದಲ್ಲಿ ಬರೆದ್ಯಾ? ಗಂಡು, ಒಂದು."

ಇನ್ನು ಕಾಣಿಯೂರಿನ ಎರಡನೆಯ ಕಥೆ. ಇದರಲ್ಲಿ ನಾನಿರಲಿಲ್ಲ, ಅತ್ತೆ ಹೇಳಿದ್ದನ್ನು ಹೇಳುತ್ತಿದ್ದೇನೆ. ತಮ್ಮ ಮರ್ಯಾದೆ ಹೋದ ಕಥೆಯನ್ನು ಹೇಳುವಾಗ ಅತ್ತೆ ಒಂದಕ್ಷರವನ್ನೂ ಬಿಡುವುದಿಲ್ಲವಾದ್ದರಿಂದ ನಂಬಬಹುದು.

ಮೊಬೈಲಿನಲ್ಲಿ ಹಕ್ಕಿಗಳ ಕೂಗು ಸಿಗಲು ಶುರುವಾಗಿದ್ದ ಕಾಲ. "ಅದರ" ಕೂಗೂ ಸಿಕ್ಕಿತು. ಕೇಳಿದ ಕೂಡಲೇ ಅತ್ತೆಗೆ ಆ ಹಳೆಯ ಬಸ್‌ಸ್ಟ್ಯಾಂಡಿನ ಸಂಜೆ ಎದ್ದು ಬಂತು. ಕೂಗನ್ನು ನುಡಿಸಿದರೆ ಹಕ್ಕಿ ಉತ್ತರ ಕೊಡುತ್ತದೆ ಎಂದು ಯಾರೋ ಹೇಳಿದ್ದರು. ಮೂರು ಸಂಜೆ ಅತ್ತೆ ಕಾಣಿಯೂರಿಗೆ ಹೋಗಿ, ಒಂದು ಮೋರಿಯ ಮೇಲೆ ನಿಂತು, ಗುಡ್ಡದ ಕಡೆ ಮೊಬೈಲು ಎತ್ತಿ ಹಿಡಿದು ನುಡಿಸಿದರು. ಮೂರು ದಿನವೂ ಪುಸ್ತಕದಲ್ಲಿ ಬರೆದುಕೊಂಡರು: "ಉತ್ತರ ಇಲ್ಲ."

ಒಂದೆರಡು ತಿಂಗಳು ಕಳೆದ ಮೇಲೆ ಒಬ್ಬ ಹೆಂಗಸು ದಾನಪತ್ರ ಬರೆಸಲಿಕ್ಕೆ ಬಂದವರು, ಸ್ವಲ್ಪ ತಡ ಮಾಡುವ ಎಂದರು. ಯಾಕೆಂದರೆ ಅವರ ಜಾಗದಲ್ಲಿ ದೋಷ ಕಂಡುಬಂದಿದೆ. ದೀಪ ಹಚ್ಚುವ ಹೊತ್ತಿಗೆ ಎಂತದೋ ಕೂಗಿದೆ, ಜೋಯಿಸರಲ್ಲಿ ಪ್ರಶ್ನೆ ಇಡಿಸಿದ್ದಾರೆ, ಹೋಮ ಆಗಬೇಕಂತೆ.

"ಹೇಗೆ ಕೂಗಿತು?" ಎಂದರು ಅತ್ತೆ.

ಆಕೆ ಆಚೀಚೆ ನೋಡಿ, ತುಟಿ ಮುಂದೆ ಮಾಡಿ, ಮೆಲ್ಲಗೆ ಶಿಳ್ಳೆ ಹಾಕಿ ತೋರಿಸಿದರು. ಮೇಲೇರುತ್ತ ಹೋಗಿ ನಡುಗಿ ನಿಂತಿತು. ಅತ್ತೆ ದಾನಪತ್ರದ ಕಾಗದವನ್ನು ಬದಿಗೆ ಸರಿಸಿದರು.

"ಯಾವ ಊರು ನಿಮ್ಮದು?"

"ಕಾಣಿಯೂರು."

ಎರಡು ದಿನ ಅತ್ತೆ ಆ ಮನೆಯ ಜಗಲಿಯಲ್ಲಿ ಠಿಕಾಣಿ ಹೂಡಿದರು. ಹೋಮದ ದಿನವೂ ಹೋದರು. ನೆಂಟರು ಸೇರಿದ್ದರು, ಬಾಳೆಲೆ ಹಾಕಿ ಆಗಿತ್ತು. ಪುಸ್ತಕದ ಖಾಲಿ ಪುಟ ತೆರೆದು ಬರೆಯಲು ಕೂತ ಅತ್ತೆ ಕೊನೆಯ ಪ್ರಶ್ನೆ ಕೇಳಿದರು: ಕೂಗಿದ್ದು ಯಾವ ದಿನ? ಆಕೆ ಗೋಡೆಯ ಕ್ಯಾಲೆಂಡರಿನ ಹಾಳೆ ಹಿಂದಕ್ಕೆ ಮಗುಚಿದರು. ಸಾಲಾಗಿ ಮೂರು ದಿನಕ್ಕೆ ಕೆಂಪು ಸುತ್ತು. ಅತ್ತೆ ತಮ್ಮ ಪುಸ್ತಕವನ್ನೂ ಹಿಂದಕ್ಕೆ ಮಗುಚಿದರು. ಅದೇ ಮೂರು ದಿನ. ಉತ್ತರ ಇಲ್ಲ, ಉತ್ತರ ಇಲ್ಲ, ಉತ್ತರ ಇಲ್ಲ. ಮೋರಿಯಿಂದ ಈ ಮನೆ ಮರಗಳ ಮರೆಗೆ ಕಾಣುತ್ತಿರಲಿಲ್ಲ, ಅಷ್ಟೆ. ಉತ್ತರ ಬರುತ್ತಲೇ ಇತ್ತು, ಬಂದದ್ದು ಜೋಯಿಸರ ಮೂಲಕ.

ಇಲ್ಲಿ ಓದುಗರು ಒಂದು ಗಳಿಗೆ ನಿಲ್ಲಬೇಕೆಂದು ನನ್ನ ಕೋರಿಕೆ. ಅತ್ತೆ ಸುಮ್ಮನಿದ್ದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು? ಮನೆಮಂದಿಯೆಲ್ಲ ಸಾಕ್ಷಿ, ದಿನಾಂಕ ಉಂಟು, ಚಕ್ಕುಬಂದಿ ಉಂಟು. ಅಷ್ಟು ವರ್ಷ ಕಾದ ಪುಟ ತುಂಬುತ್ತಿತ್ತು. ನಾನಾಗಿದ್ದರೆ ಪಾಯಸ ಉಂಡು ಸಹಿ ಹಾಕಿಸಿಕೊಂಡು ಬರುತ್ತಿದ್ದೆ. ಅತ್ತೆ ಎದ್ದು ನಿಂತು ಎಲ್ಲರ ಎದುರಿಗೆ ಹೇಳಿದರು: "ಅದು ದೋಷ ಅಲ್ಲ. ಅದು ನಾನು."

ಚಪ್ಪರದಡಿಯಲ್ಲಿ ಬಡಿಸುವವರ ಸೌಟು ಸಹ ನಿಂತಿತಂತೆ. ಅತ್ತೆ ಮೊಬೈಲಿನ ಸಂಗತಿಯನ್ನು ಪೂರ್ತಿ ಹೇಳಿದ ಮೇಲೆ ಮನೆಯ ಯಜಮಾನರು ಕೇಳಿದರು, "ಹಾಗಾದ್ರೆ ನಾವು ಇಷ್ಟು ಹೊತ್ತು ಹೋಮ ಮಾಡಿದ್ದು ನಿಮ್ಮ ಮೊಬೈಲಿಗಾ?"

"ಹೌದು. ನನ್ನದು ದೊಡ್ಡ ತಪ್ಪಾಯಿತು."

ಅತ್ತೆ ಚೀಲ ಎತ್ತಿಕೊಂಡು ಹೊರಟಾಗ ಆ ಹೆಂಗಸು ಅಡ್ಡ ಬಂದು ಕೈ ಹಿಡಿದರು. "ಊಟ ಮಾಡಿಯೇ ಹೋಗುದು. ದೋಷವೇ ಬಂದು ಎಲೆಯ ಎದುರು ಕೂತದ್ದು ನಮ್ಮ ಊರಲ್ಲಿ ಇದೇ ಮೊದಲು."

ಅವತ್ತೇ ಬಸ್ಸಿನಲ್ಲಿ ಅತ್ತೆ ಆ ಕೂಗನ್ನು ಮೊಬೈಲಿನಿಂದ ಅಳಿಸಿದರು. ಮತ್ತೆ ಯಾವತ್ತೂ ನುಡಿಸಿಲ್ಲ. ದಾನಪತ್ರವನ್ನು ಆಮೇಲೆ ಅತ್ತೆಯೇ ಬರೆದರು, ಬಹಳ ಚಂದದ ಅಕ್ಷರದಲ್ಲಿ.

ಕಳೆದ ವರ್ಷ ಮಳೆ ಬಿಟ್ಟ ಮೇಲೆ, ಒಂದು ಭಾನುವಾರ ಹತ್ತು ಗಂಟೆಗೆ ಪಂಜದಿಂದ ಫೋನು ಬಂತು. ಭಾನುವಾರವೇ ಎಂದು ನನಗೆ ಖಾತ್ರಿಯಿಲ್ಲ, ನಾನು ಪುತ್ತೂರಿನ ಅತ್ತೆಯ ಮನೆಯಲ್ಲಿದ್ದೆನಾದ್ದರಿಂದ ರಜೆ ಇದ್ದಿರಬೇಕು. ಫೋನು ಮಾಡಿದವರು ಲೀಲಾವತಿ, ಅಲ್ಲಿನ ತೋಟವೊಂದರಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವವರು. ಹಿಂದೊಮ್ಮೆ ಅತ್ತೆ ಅವರ ಮನೆಯ ಪತ್ರ ಬರೆದುಕೊಟ್ಟಿದ್ದರು.

"ಅಮ್ಮಾ, ತೋಡಿನ ಆಚೆ ಬೆತ್ತದ ಬಲ್ಲೆಯಲ್ಲಿ ಬೆಳಗ್ಗಿನಿಂದ ಹಕ್ಕಿಗಳದ್ದು ಒಂದೇ ಗಲಾಟೆ. ಬೆಕ್ಕಲ್ಲ. ಬೆಕ್ಕು ನನ್ನೊಟ್ಟಿಗೆ ಉಂಟು."

ನಾನು ಕಾರು ಓಡಿಸಿದೆ. ಪಂಜ ತಲುಪಿ ರಬ್ಬರ್ ಮರಗಳ ನಡುವೆ ಇಳಿದು ಹೋದರೆ ತೋಡು. ದಾಟಲು ಎರಡು ಅಡಿಕೆ ಮರ ಜೋಡಿಸಿದ ಸಂಕ, ಹಿಡಿಯಲಿಕ್ಕೆ ಒಂದು ಬಿದಿರು. ಆಚೆ ದಡದಲ್ಲಿ ಪಿಕಳಾರಗಳು ಬೈಯುತ್ತಿದ್ದವು. ಅತ್ತೆ ಸಂಕದ ಮೇಲೆ ಎಡಗಾಲು ಇಟ್ಟರು. ಬಲಗಾಲು ಎತ್ತಿದರು, ಎತ್ತಿದ್ದು ಅಲ್ಲೇ ನಡುಗಿತು. ಇಳಿಸಿದರು. ಮತ್ತೊಮ್ಮೆ ಎತ್ತಿದರು. ಲೀಲಾವತಿ, "ನಾನು ಹಿಡ್ಕೊಳ್ತೇನೆ ಅಮ್ಮ" ಎಂದರು. ಸಂಕದಲ್ಲಿ ಇಬ್ಬರಿಗೆ ಜಾಗವಿರಲಿಲ್ಲ.

ಅತ್ತೆ ಹಿಂದೆ ಸರಿದು ಕುತ್ತಿಗೆಯಿಂದ ದುರ್ಬೀನು ತೆಗೆದರು. ಮಾವನಿಗೂ ಮುಟ್ಟಲು ಕೊಡದ ವಸ್ತು. ನನ್ನ ಕುತ್ತಿಗೆಗೆ ಹಾಕಿ, "ಹೋಗು. ಬೇಗ" ಎಂದರು.

ನಾನು ದಾಟಿದೆ. ಬೆತ್ತದ ಮುಳ್ಳಿನ ನಡುವೆ, ನನ್ನ ತಲೆಗಿಂತ ಸ್ವಲ್ಪ ಮೇಲೆ, ನೆಟ್ಟಗೆ ನಿಂತ ಒಂದು ಬಳ್ಳಿಗೆ ಅಂಟಿಕೊಂಡ ಹಾಗೆ ಏನೋ ಕೂತಿತ್ತು. ಬೆನ್ನು ಈ ಕಡೆ. ಆಮೇಲೆ ಅದು ಮುಖ ತಿರುಗಿಸಿತು. ಎಷ್ಟು ಹೊತ್ತು ನೋಡಿದೆನೋ, ಹತ್ತು ಸೆಕೆಂಡು ಎಂದು ಎಲ್ಲರಿಗೂ ಹೇಳುತ್ತೇನೆ, ಮೂರಿದ್ದರೂ ಇರಬಹುದು. ಜೇಬಿನಲ್ಲಿ ಮೊಬೈಲು ಇತ್ತು, ಅದರಲ್ಲಿ ಕ್ಯಾಮರಾ ಇತ್ತು. ನೆನಪಾದದ್ದು ಅದು ಹಾರಿಹೋದ ಮೇಲೆ. ಹಾರುವಾಗ ಒಂದಿಷ್ಟೂ ಸದ್ದಾಗಲಿಲ್ಲ. ಪಿಕಳಾರಗಳೂ ಸುಮ್ಮನಾದವು.

ಹಿಂತಿರುಗಿದಾಗ ನಾನು ಬೈಸಿಕೊಳ್ಳಲು ತಯಾರಾಗಿದ್ದೆ. ಅತ್ತೆ ಒಂದು ರಬ್ಬರ್ ಮರಕ್ಕೆ ಒರಗಿ ಕೂತು, ಮಡಿಲಲ್ಲಿ ಪುಸ್ತಕ ತೆರೆದು ಪೆನ್ನು ಹಿಡಿದಿದ್ದರು. ನಾನು ಮೊಬೈಲು ತೆಗೆದು, ಚಿತ್ರ ಹುಡುಕಿ ಹೋಲಿಸುವ ಎಂದೆ.

"ಬೇಡ. ಚಿತ್ರ ನೋಡಿದ ಮೇಲೆ ನೀನು ಚಿತ್ರವನ್ನೇ ಹೇಳುದು. ಮೊದಲು ಕಂಡದ್ದು ಹೇಳು. ಕಣ್ಣು?"

"ಕಪ್ಪು."

"ಗಾತ್ರ?"

"ತೆಂಗಿನಕಾಯಿಯಷ್ಟು."

"ಸುಲಿದದ್ದಾ, ಸುಲಿಯದ್ದಾ?"

ಲೀಲಾವತಿ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಯೋಚಿಸಿದೆ. "ಎರಡರ ಮಧ್ಯೆ."

"ಅಂಥ ತೆಂಗಿನಕಾಯಿ ಇಲ್ಲ."

"ಸುಲಿದು ಜುಟ್ಟು ಬಿಟ್ಟದ್ದು."

ಅದನ್ನು ಹಾಗೆಯೇ ಬರೆದುಕೊಂಡರು. ಬಣ್ಣ ಕೇಳಿದರು. ಬೆನ್ನು ಕೆಂಚು, ಚುಕ್ಕಿ ಇತ್ತು ಎಂದೆ. ಆಮೇಲೆ ಕೇಳಿದರು, "ತಲೆಯ ಎರಡು ಬದಿಯಲ್ಲಿ ಕಿವಿಯ ಹಾಗೆ ಎದ್ದದ್ದು ಎಂತಾದ್ರೂ ಉಂಟಾ?"

ಪೆನ್ನು ಕಾಗದದ ಮೇಲೆ ಕಾಯುತ್ತಿತ್ತು. ಅತ್ತೆಯ ಮುಖ ನೋಡಿದೆ. ಎಲ್ಲವೂ ಈ ಪ್ರಶ್ನೆಯಲ್ಲೇ ಇದೆ ಎಂದು ನನಗೆ ಗೊತ್ತಾಯಿತು. ಯಾವ ಉತ್ತರ ಬಂದರೆ ಆ ಖಾಲಿ ಪುಟ ತುಂಬುತ್ತದೆ ಎಂಬುದೂ ಗೊತ್ತಾದ ಹಾಗೆ ಅನಿಸಿತು.

"ಇತ್ತು," ಎಂದೆ. "ಇತ್ತು ಅಂತ ಕಾಣ್ತದೆ."

ಅತ್ತೆ ಬರೆಯಲಿಲ್ಲ.

"ನನ್ನ ಮುಖ ನೋಡಿ ಹೇಳ್ಬೇಡ ಮಾರಾಯ. ಆಚೆ ತೋಡು ನೋಡಿ ಹೇಳು."

ನಾನು ತಿರುಗಿ ನಿಂತೆ. ನೀರು ಹರಿಯುತ್ತಿತ್ತು. ಆ ಮುಖವನ್ನು ಮತ್ತೆ ತಂದುಕೊಳ್ಳಲು ನೋಡಿದೆ. ಕಣ್ಣು ಬಂತು, ಬಳ್ಳಿ ಬಂತು, ಮುಳ್ಳು ಬಂತು. ಕಿವಿ ಬಂತೋ, ನಾನೇ ಇಟ್ಟೆನೋ.

"ಗೊತ್ತಿಲ್ಲ ಅತ್ತೆ."

ಹಿಂದಿನಿಂದ ಪೆನ್ನಿನ ಸದ್ದು ಕೇಳಿತು. ಗೊತ್ತಿಲ್ಲ ಎಂದು ಬರೆಯಲು ಅಷ್ಟು ಹೊತ್ತು ಬೇಕೆಂದು ನನಗೆ ಗೊತ್ತಿರಲಿಲ್ಲ. ಬರೆದ ಪುಟವನ್ನು ನನ್ನ ಕೈಗೆ ಕೊಟ್ಟರು. ಅದು ಆ ಖಾಲಿ ಪುಟವಲ್ಲ, ಬೇರೆ. ನಾಲ್ಕು ದಿಕ್ಕಿನ ಗಡಿ, ನಡುವೆ "ಗೂಬೆ ಒಂದು". ಕಂಡವರು ಎಂಬಲ್ಲಿ ನನ್ನ ಹೆಸರು. ತಮ್ಮ ಹೆಸರನ್ನು ಕೆಳಗೆ, ಬರೆದವರು ಎಂಬಲ್ಲಿ ಮಾತ್ರ ಹಾಕಿದ್ದರು. ನಾನು ಸಹಿ ಮಾಡಿದೆ. ಈ ಹೆಂಗಸಿನ ಅಣ್ಣನ ಮಗ ನಾನು ಎಂದು ಅವತ್ತು ಆ ರಬ್ಬರ್ ಮರಗಳಿಗೆಲ್ಲ ಕೇಳುವ ಹಾಗೆ ಕೂಗಬೇಕೆನಿಸಿತು.

ಪುತ್ತೂರಿಗೆ ಹಿಂತಿರುಗುವ ದಾರಿಯಲ್ಲಿ ಅತ್ತೆ ಕಿಟಕಿಯ ಹೊರಗೆ ನೋಡುತ್ತಲೇ ಕೇಳಿದರು.

"ಹೇಗಿತ್ತು?"

"ಬರೆದಿದ್ದೀರಲ್ಲ ಅತ್ತೆ."

"ಪುಸ್ತಕಕ್ಕಲ್ಲ. ನನಗೆ."

"ಅದು ನನ್ನನ್ನು ನೋಡಿತು," ಎಂದೆ. "ಗಡಿಬಿಡಿ ಇಲ್ಲದೆ ನೋಡಿತು. ನಾನು ಯಾರು ಅಂತ ಅದಕ್ಕೆ ಮೊದಲೇ ಗೊತ್ತಿದ್ದ ಹಾಗೆ."

ಗಿಯರಿನ ಮೇಲಿದ್ದ ನನ್ನ ಕೈಯ ಮೇಲೆ ಅತ್ತೆ ತಮ್ಮ ಕೈ ಇಟ್ಟರು. ಅವರು ಹಾಗೆ ಮಾಡುವವರಲ್ಲ. ತುಂಬ ದೂರದವರೆಗೆ ತೆಗೆಯಲಿಲ್ಲ, ನಾನೂ ಗಿಯರು ಬದಲಿಸಲಿಲ್ಲ, ಎಂಜಿನ್ ಗೊರಗುಟ್ಟುತ್ತಿತ್ತು.

ನಾನು ಕಂಡದ್ದು ಅದೇ ಹಕ್ಕಿಯೇ? ಗೊತ್ತಿಲ್ಲ. ಮೊಬೈಲಿನಲ್ಲಿ ಅರ್ಧ ನಿಮಿಷದ ಕೆಲಸ. ಇಷ್ಟು ದಿನವಾದರೂ ನಾನು ನೋಡಿಲ್ಲ. ನನ್ನ ಹೇಳಿಕೆಯನ್ನು ಓದಿ ಅತ್ತೆಗೆ ಗೊತ್ತಾಗಿದೆಯೇ ಎಂಬುದೂ ನನಗೆ ಗೊತ್ತಿಲ್ಲ. ಒಮ್ಮೆ ಕೇಳಿದೆ. ಅವರು ಯಾರದೋ ಕ್ರಯಪತ್ರ ಬರೆಯುತ್ತಿದ್ದರು, ಎದುರು ಕೂತವರ ಕಡೆ ತಿರುಗಿ, "ಉತ್ತರಕ್ಕೆ ಎಂತ ಉಂಟು?" ಎಂದು ಕೇಳಿದರು.